ಅಪ್ಪ ಏರಿಸಿದ ವೋಲ್ಟೇಜ್

ಕಂಪ್ಯೂಟರ್ ರಿಪೇರಿ ಅಂಗಡಿಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಒಬ್ಬ ಅಪ್ಪ, ಅವರ ಮಗಳು ಕಾಲ ಬಳಿ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದರು.

“ಪ್ರೊಸೆಸರ್ ವೋಲ್ಟೇಜನ್ನ ಒಂದೂವರೆವರೆಗೆ ಏರಿಸಿ ಅಂತ ಯಾರಪ್ಪ ಹೇಳಿದ್ದು?”

“ವಿಡಿಯೋದಲ್ಲಿ ನೋಡ್ದೆ. ಸ್ಪೀಡ್ ಜಾಸ್ತಿ ಆದ್ರೆ ನಿನ್ನ ಸಿನಿಮಾ ಎಡಿಟಿಂಗ್ ಬೇಗ ಮುಗಿಯತ್ತೆ ಅಂತ...”

“ಅವರ ಪ್ರೊಸೆಸರೇ ಬೇರೆ, ನಮ್ಮದೇ ಬೇರೆ! ಸ್ವಲ್ಪ ಸ್ವಲ್ಪವಾಗಿ ಏರಿಸಿ, ಟೆಸ್ಟ್ ಮಾಡಿ ನೋಡ್ಬೇಕು. ಮೆಮೊರಿ ಸ್ಪೀಡೂ ಹಾಗೇ ಏರಿಸಿದ್ದೀರಿ.”

“ಆನ್ ಆಯ್ತಲ್ಲಮ್ಮ, ಸರಿಯಿದೆ ಅಂದ್ಕೊಂಡೆ.”

“ಆನ್ ಆದ್ರೆ ಸಾಕಾ? ಮೆಮೊರಿ ಕೈಕೊಟ್ಟು, ಸೇವ್ ಮಾಡಿದ್ದೆಲ್ಲ ಹಾಳಾಯ್ತು. ವರ್ಷದ ಕೆಲಸ ನೀರುಪಾಲು. ಒಂದು ಮಾತು ಕೇಳ್ಬಾರ್ದಿತ್ತಾ?”

“ಕೇಳಿದ್ರೆ ನೀನು ಬೇಡ ಅಂತಿದ್ದೆ.”

“ಮತ್ತೆ!”

ಒಳಗಿನಿಂದ ರಿಪೇರಿಯವನು ಕರೆದ.

“ನೀನೇ ಹೋಗಿ ಹೇಳಮ್ಮ.”

“ಬನ್ನಿ. ಎಷ್ಟು ಏರಿಸಿದ್ರಿ ಅಂತ ನಿಮ್ಮ ಬಾಯಲ್ಲೇ ಹೇಳಿ.”

ಅವಳು ಕಂಪ್ಯೂಟರ್ ಎತ್ತಿಕೊಂಡಳು. ಅವರು ಒಂದು ಬದಿ ಹಿಡಿಯಲು ಬಂದರು.

“ಮುಟ್ಬೇಡಿ,” ಎಂದು ಅವಳು ಒಳಗೆ ನಡೆದಳು. ಅವರು ಬರಿಗೈಯಲ್ಲಿ ಹಿಂದೆ ಹೋದರು.