ಕಣದ ಮೇಲೆ ನಿಲ್ಲಿಸದ ಜೀಪು

ಇಲ್ಲ ಗೌಡ್ರೇ, ಇಂಜಿನ್ ಬಿಚ್ಚಲ್ಲ. ಹಾಸನದಲ್ಲಿ ಒಂದ್ಸಲ ಬಿಚ್ಚಿ ಹೊಸಾ ಪಿಸ್ಟನ್ ರಿಂಗ್ ಹಾಕ್ಸಿದ್ರಲ್ಲ, ಹೊಗೆ ನಿಂತೈತಾ? ಇಲ್ಲ ತಾನೇ. ಊರೆಲ್ಲಾ ಸುತ್ತಿ ಕೊನೆಗೆ ಈ ಲಕ್ಕಯ್ಯನ ಗ್ಯಾರೇಜಿಗೇ ಬರ್ಬೇಕಾಯ್ತು. ಕೂತ್ಕಳಿ ಆ ಟೈರ್ ಮೇಲೆ. ಯಾಕೆ, ಪಂಚೆ ಮಸಿ ಆಯ್ತದೆ ಅಂತಲಾ? ಆಗ್ಲಿ ಬಿಡಿ. ನಿಮ್ಮ ಡ್ರೈವರ್ ಆಗಿದ್ದಾಗ ನನ್ ಮುಖಕ್ಕೂ ಮಸಿ ಬಳಿದಿದ್ರಿ ನೀವು.

ನೋಡಿ, ಆಯಿಲ್ ಒಂದಾ ಕೆಳಗೆ ಸೋರ್ಬೇಕು, ಇಲ್ಲಾ ಒಳಗೆ ಸುಡ್ಬೇಕು. ಬೆಳಿಗ್ಗೆಯಿಂದ ಕೆಳಗೆ ರಟ್ಟು ಹಾಸಿ ಕಾದೆ, ಒಂದು ತೊಟ್ಟಿಲ್ಲ. ಕಂಪ್ರೆಷನ್ ನೋಡ್ದೆ, ನಾಲ್ಕೂ ಸಿಲಿಂಡರ್ ಗಟ್ಟಿಮುಟ್ಟಾಗವೆ. ಆದ್ರೂ ನೀಲಿ ಹೊಗೆ! ಈ ಪೈಪ್ ನೋಡಿ, ಇಂಜಿನ್ ಉಸ್ರು ಬಿಡೋ ಪೈಪು. ಬೆರಳಿಡಿ ಒಳಗೆ. ಇಡಿ, ಎಣ್ಣೆ ಕಚ್ಚಲ್ಲ... ತೊಯ್ದೋಗೈತಲ್ಲ? ಹೊಟ್ಟೆ ಬಿರಿಯಂಗೆ ಆಯಿಲ್ ಕುಡಿಸಿದೀರಿ ಇದಕ್ಕೆ. ತಡೀಲಾರ್ದೆ ಕಕ್ತಾ ಐತೆ, ಕಕ್ಕಿದ್ದನ್ನೇ ಎಳ್ಕಂಡು ಸುಡ್ತಾ ಐತೆ.

ಏನು, ಕಡ್ಡಿ ನೋಡೇ ಹಾಕಿದೀರಾ? ಗೊತ್ತು. ಎಳೀರಿ ಆಯಿಲ್ ಕಡ್ಡಿ. ನೀವೇ ಎಳೀರಿ. ನಾನ್ ಮುಟ್ಟಿದ್ರೆ ಲಕ್ಕಯ್ಯ ಕೈಚಳಕ ಮಾಡ್ದ ಅಂದೀರಿ. ಒರ್ಸಿ, ಇನ್ನೊಂದ್ಸಲ ಬಿಟ್ಟು ಎಳೀರಿ. ಎಲ್ಲೈತೆ? ಈ ಮಟ್ಟದ ನೆಲದಲ್ಲಿ ಮೇಲಿನ ಗೆರೆ ದಾಟಿ ಒಂದು ಬೆರಳು! ಈಗ ಗಾಡೀನ ಆ ಇಳಿಜಾರಿಗೆ ಬಿಡ್ತೀನಿ, ಮೂತಿ ಕೆಳಗೆ ಮಾಡಿ, ನಿಮ್ಮ ಶೆಡ್ಡಲ್ಲಿ ನಿಲ್ಲೋ ಹಂಗೇ... ಹ್ಞಾಂ. ಐದು ನಿಮಿಷ ತಡೀರಿ. ಈಗ ಎಳೀರಿ.

ಕೆಳಗಿನ ಗೆರೇಲೈತೆ, ಅಲ್ವಾ? ಒಂದು ತೊಟ್ಟು ತೆಗ್ದಿಲ್ಲ ನಾನು, ನಿಮ್ ಕಣ್ಣೆದ್ರಿಗೇ ಇದೀನಿ. ಗಾಡಿ ಓರೆ ನಿಂತ್ರೆ ಎಣ್ಣೆನೂ ಓರೆ ನಿಲ್ತದೆ ಗೌಡ್ರೇ. ಶೆಡ್ಡಲ್ಲಿ ಕಡಿಮೆ ಕಾಣ್ತದೆ, ನೀವು ಮೇಲಿಂದ ಸುರೀತೀರಿ, ಇಷ್ಟೇ ರೋಗ.

ತೊಂಬತ್ತೈದನೇ ಇಸ್ವಿ. ಹೊಸಾ ಶೆಡ್ ಕಟ್ಸಿದ್ರಿ, ದಿಬ್ಬದ ಮೇಲೆ. ಇಡೀ ಎಸ್ಟೇಟಲ್ಲಿ ಮಟ್ಟವಾಗಿರೋ ಜಾಗ ಒಂದೇ, ಕಾಫಿ ಒಣಗ್ಸೋ ಕಣ. ಅಲ್ಲಿ ಚಕ್ರ ಇಟ್ರೆ ಕಾಲು ಮುರೀತೀನಿ ಅಂದಿದ್ರಿ. ಪೇಟೇಲಿ ಆಯಿಲ್ ಬದ್ಲಾಯಿಸ್ಕಂಡು ಬಂದ ಮಾರನೇ ಬೆಳಿಗ್ಗೆ ಶೆಡ್ಡಲ್ಲಿ ಕಡ್ಡಿ ಎಳೆದ್ರಿ. ಕಡಿಮೆ! ಲಕ್ಕಯ್ಯ ಕದ್ದ! ಹಾಜರಿ ಹೊತ್ತಲ್ಲಿ, ಕೂಲಿ ಲೈನಿನ ಜನ ಎಲ್ಲಾ ನಿಂತಿರೋವಾಗ, ನಮ್ಮನೆ ಸಾಮಾನು ಅಂಗಳಕ್ಕೆ ಎಸೆಸಿದ್ರಿ. ಸಿಕ್ಕಿದ್ದೇನು? ಒಂದು ಹಳೇ ಆಯಿಲ್ ಡಬ್ಬ. ಅದ್ರಲ್ಲಿ ನನ್ ಹೆಂಡ್ತಿ ರಾಮಮ್ಮ ಕನಕಾಂಬರ ನೆಟ್ಟಿದ್ಳು. ಆ ಗಿಡಾನ ಬೂಟುಗಾಲಲ್ಲಿ ಒದ್ದ್ರಿ ನೀವು. ಇವತ್ತಿಗೂ ಅವ್ಳು ನಿಮ್ ಎಸ್ಟೇಟಿನ ಕಡೆ ತಲೆ ಹಾಕಿ ಮಲಗಲ್ಲ.

ನಗ್ತಾ ಇದೀನಾ? ಹೌದು, ನಗ್ತೀನಿ. ಎಂಟು ವರ್ಷದಿಂದ ಈ ಹೊಗೆ ನೋಡ್ಕಂಡೇ ನಗ್ತಾ ಇದೀನಿ. ಬೆಳಗೋಡಿನ ಮದ್ವೇಲಿ ನಿಮ್ ಮನೆಯವ್ರು ಸರೋಜಮ್ಮೋರು ಸೆರಗಲ್ಲಿ ಮೂಗು ಮುಚ್ಕಂಡು ಈ ಗಾಡಿ ಇಳಿದ್ರಲ್ಲ, ನಾನು ಎದುರ್ಗೇ ನಿಂತಿದ್ದೆ. ಹೊಟ್ಟೆ ತಣ್ಣಗಾಯ್ತು ನನಗೆ. ಇನ್ನೂ ಕುಡಿಸಿ ಗೌಡ್ರೇ, ಇನ್ನೂ ಕುಡಿಸಿ ಅಂದ್ಕಂಡೆ.

ರಿಪೇರಿ ಕೇಳಿ. ಹೆಚ್ಚಿರೋ ಎಣ್ಣೆ ಇಳಿಸ್ತೀನಿ, ಪೈಪು ತೊಳೀತೀನಿ, ಮುಗೀತು. ಕೂಲಿ ಬ್ಯಾಡ. ನಾಳೆ ಹಾಜರಿ ಹೊತ್ತಿಗೆ ಗಾಡಿ ಕಣದ ಮೇಲೆ ನಿಲ್ಲಿಸ್ಬೇಕು. ಹ್ಞೂ, ಕಣದ ಮೇಲೇ! ಎಲ್ಲಾರ ಮುಂದೆ ನೀವೇ ಕಡ್ಡಿ ಎಳೆದು ತೋರ್ಸಿ, ಲಕ್ಕಯ್ಯ ಕದ್ದಿರ್ಲಿಲ್ಲ, ನಂದೇ ತಪ್ಪು ಅನ್ಬೇಕು. ರಾಮಮ್ಮನ್ನೂ ಕರ್ಕಂಡು ಬರ್ತೀನಿ, ಕಿವಿಯಾರೆ ಕೇಳ್ಲಿ... ತಲೆ ಆಡ್ಸಿದ್ರಾ? ಹೇಳ್ತೀರಾ? ಇಷ್ಟು ಸಲೀಸಾಗಿ ಒಪ್ತೀರಿ ಅಂದ್ಕಂಡಿರ್ಲಿಲ್ಲ.

ನಂಗೆ ಹೆಂಗ್ ಗೊತ್ತಾಯ್ತಾ? ಅಯ್ಯೋ, ಅದೇನ್ ದೊಡ್ಡ ವಿದ್ಯೆ! ನೀವು ಓಡ್ಸಿದ ವಾರಕ್ಕೇ ಪೇಟೇಲಿ ಶಫಿ ಸಾಹೇಬ್ರ ಗ್ಯಾರೇಜ್ ಸೇರ್ಕಂಡೆ. ಮೊದಲ್ನೇ ದಿನಾನೇ ಹೇಳಿದ್ರು, ಗಾಡಿ ಮಟ್ಟಕ್ಕೆ ನಿಲ್ಲಿಸ್ದೆ ಕಡ್ಡಿ ಎಳೀಬ್ಯಾಡ ಅಂತ. ಅವತ್ತೇ ನಿಮ್ಮ ದಿಬ್ಬದ ಶೆಡ್ಡು ನೆನಪಾಯ್ತು ನೋಡಿ. ಅದಕ್ಕೇ ಇಲ್ಲಿ ನೆಲ ಹಾಕ್ಸೋವಾಗ ರಸಮಟ್ಟ ಇಟ್ಟು...

ಏನ್ ಗೌಡ್ರೇ? ಬೆರಳಲ್ಲಿ ಏನ್ ಎಣಿಸ್ತಾ ಇದೀರಿ, ವರ್ಷಾನಾ?

ಓ... ಭೂತಯ್ಯ.

ಹೌದು, ನನ್ ಜಾಗಕ್ಕೆ ಬಂದ ಡ್ರೈವರ್ರು. ಎರಡು ವರ್ಷ ಓಡ್ಸಿದ. ಅವನ್ನೂ ಆಯಿಲ್ ಕಳ್ಳ ಅಂತಾನೇ ಕಳಿಸಿದ್ರಿ. ಕಳಿಸಿದ್ದು ನೀವು! ನಾನಲ್ಲ...

ಹಂಗ್ ನೋಡ್ಬ್ಯಾಡಿ. ಬಂದಿದ್ದ. ಆಗಿನ್ನೂ ಈ ಗ್ಯಾರೇಜ್ ಹಾಕಿ ತಿಂಗ್ಳಾಗಿತ್ತು. ನೀವು ಕೂತಿರೋ ಕಡೇನೇ ಕೂತಿದ್ದ. "ಲಕ್ಕಣ್ಣ, ಆಯಿಲ್ ಎಲ್ಲಿಗೆ ಹೋಯ್ತದೆ, ನಿಂಗೇನಾರ ಗೊತ್ತಾ? ಗೌಡ್ರು ನನ್ ಮ್ಯಾಲೆ ಕಣ್ಣಿಟ್ಟವ್ರೆ" ಅಂದ. ಟೀ ತರ್ಸಿ ಕೊಟ್ಟೆ. ಗೊತ್ತಿಲ್ಲ ಕಣೋ ಅಂದೆ. ಹೇಳಿದ್ರೆ ಅವ್ನು ನಿಮಗೆ ಹೇಳ್ತಿದ್ದ... ಗಾಡಿ ಸರಿಹೋಗ್ತಿತ್ತು... ಸರಿಹೋಗ್ಬಾರ್ದಿತ್ತು ನನಗೆ. ಆಮೇಲೆ ಅವ್ನಿಗೆ ಯಾರೂ ಸ್ಟೇರಿಂಗ್ ಕೊಡ್ಲಿಲ್ಲ. ಬಿಸಿಲೆ ಕಡೆ ಕಲ್ಲು ಒಡೀತಾನಂತೆ. ನಾನು ಹೋಗಿ ನೋಡಿಲ್ಲ.

ಬಯ್ಯಿರಿ, ಆವತ್ತಿನಂಗೆ ಬಯ್ಯಿರಿ...

ಸರಿ. ತಗಳಿ ಕೀ. ನಾಳೆ ಕಣದ ಮೇಲೆ ಭೂತಯ್ಯನ ಹೆಸರು ಹೇಳಿ, ಕರೆಸಿ ಅವನ್ನ. ನಾನ್ ಬರಲ್ಲ. ನಾನ್ ಬಂದ್ರೆ ರಾಮಮ್ಮನೂ ಬರ್ತಾಳೆ... ಅವ್ಳೂ ಹಿಂಗೇ ಬೆರಳು ಮಡಚಿ, ನಂಗೆ ಯಾವತ್ತಿಂದ ಗೊತ್ತಿತ್ತು ಅಂತ ಎಣಿಸ್ತಾಳೆ.