ಗಣಿತ ವಿಭಾಗದ ಮುಂದಿನ ನೆರಳು

ಬೆಳಿಗ್ಗೆ ಸಿಂಧನೂರು ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಹಿರಿಯಳ ತೊಡೆಯ ಮೇಲೆ ಕೂಸು ಮಲಗಿತ್ತು.

“ಯಮನೂರಕ್ಕ, ಕೂಸಿನ ತಾಯಿ ಎಲ್ಲಿ ಅದಾಳ?”

“ಸೊಸಿ ಜೆರಾಕ್ಸ್ ಮಾಡಸಾಕ ಹೋಗ್ಯಾಳ. ರಾಯಚೂರಾಗ ಎಂಎಸ್ಸಿ ಗಣಿತದ ಪರೀಕ್ಷೆ ಐತಿ.”

“ನೀ ಯಾಕ ಹೊಂಟಿ?”

“ಆಕಿ ಒಳಗ ಬರೀತಾಳ, ನಾ ಹೊರಗ ಕೂಸು ಹಿಡೀತೀನಿ. ನನಗ ಅಕ್ಷರ ಬರಲ್ಲಂದ್ರೂ ಯುನಿವರ್ಸಿಟಿ ಎಲ್ಲಾ ಗೊತ್ತು. ಗಣಿತದ ಮುಂದ ಬೇವಿನ ಗಿಡ ಐತಿ. ಇತಿಹಾಸದ ಕಟ್ಟಿ ತಂಪು. ಕಾಮರ್ಸ್ ಕಡೆ ಮಾತ್ರ ಬರೇ ಬಿಸಲು.”

“ಯಾರೂ ಬೈಯಂಗಿಲ್ಲೇನು?”

“ಮೇಡಮ್ಮಾರೇ ಕುರ್ಚಿ ಹಾಕಸ್ತಾರ. ಸೊಸಿ ಹೊರಗ ಬಂದ ಕೂಡ್ಲೆ ಕೂಸಿಗೆ ಹಾಲು ಕುಡಿಸಿ, ಆಮ್ಯಾಲ ತಾ ನೀರು ಕುಡೀತಾಳ. ಮೊದಲನೇ ವರ್ಷ ಫಸ್ಟ್ ಕ್ಲಾಸು!”

ಕಿರಿಯಳು ಕೂಸಿನ ಮುಖದ ಮೇಲೆ ಕೂತ ನೊಣ ಓಡಿಸಿದಳು.

“ನಮ್ಮ ಮಗಳು ಮಹೇಶ್ವರೀನೂ ಬಿಎಸ್ಸಿ ಮುಗಿಸ್ಯಾಳ. ಮುಂದ ಓದತೀನಂತ ಅಳಾಕತ್ಯಾಳ. ಸೋಮವಾರ ನೋಡಾಕ ಗಂಡಿನ ಕಡ್ಯಾರು ಬರ್ತಾರ.”

ಅಷ್ಟರಲ್ಲಿ ರಾಯಚೂರು ಬಸ್ಸು ಬಂತು. ಸೊಸೆ ಓಡಿ ಬಂದು ಕೈಚೀಲ ಎತ್ತಿಕೊಂಡಳು. ಯಮನೂರಮ್ಮ ಕೂಸನ್ನು ಹೆಗಲಿಗೇರಿಸಿ, ಬಸ್ಸಿನ ಮೆಟ್ಟಿಲ ಮೇಲೆ ನಿಂತು ತಿರುಗಿದಳು.

“ಅತ್ತಿ ಆಗಾಕಿಗೆ ಒಂದ ಮಾತು ಕೇಳು, ತಂಗಿ. ಪರೀಕ್ಷೆ ಹೊರಗ ಕೂಸು ಹಿಡ್ಕೊಂಡು ಕುಂದರ್ತೀಯೇನವ್ವ ಅಂತ. ಹೂಂ ಅಂದ್ರ ಹುಡುಗೀನ ಕೊಡು. ಬೇವಿನ ಗಿಡದ ಬುಡಕ ಇನ್ನೊಬ್ಬಾಕಿಗೆ ಜಾಗ ಐತಿ.”