ಹುಣಸೇಮರದ ಮೊಳೆ

ಕೈಲಾಸ್ ತಮ್ಮ ಬೀದಿಯ ಹುಣಸೇಮರ ದಾಟುವಾಗ ಯಾರೋ ಕರೆದರು.

"ಲೇ ಕೈಲಾಸ..."

ತಿರುಗಿ ನೋಡಿದ. ಯಾರೂ ಇರಲಿಲ್ಲ.

ತೊಂಬತ್ತಾರನೇ ಇಸವಿ. ಗಾಂಧಿನಗರದಲ್ಲಿ ಸಿನಿಮಾ ರೀಲಿನ ಡಬ್ಬ ಹೊರುವ ಕೆಲಸ. ಸೆಕೆಂಡ್ ಷೋ ಮುಗಿದ ಮೇಲೆ ಚಾಮರಾಜಪೇಟೆಗೆ ನಡೆದು ಬರುತ್ತಿದ್ದ. ಅದಕ್ಕೂ ಮುಂಚೆ ಕಳ್ಳ. ಒಂದು ತಂತಿ ಸಿಕ್ಕರೆ ಎಂಥ ಬೀಗವನ್ನೂ ತೆಗೆಯುತ್ತಿದ್ದ. ಎರಡು ಸಲ ಜೈಲಿಗೆ ಹೋಗಿ ಬಂದ. ಆಮೇಲೊಂದು ದಿನ ಎದ್ದವನಿಗೆ ಕದಿಯುವ ಆಸೆಯೇ ಇರಲಿಲ್ಲ. ಅಮ್ಮ ಹೇಳಿದ ಹಾಗೆ ಕೇಳಿಕೊಂಡು ಇದ್ದುಬಿಟ್ಟ.

"ಏನ್ ಗುರು, ನಮ್ಮ ಬೀರು ತೆಗೀಬೇಕಿತ್ತು, ಬರ್ತೀಯಾ?" ಎಂದು ಬೀದಿಯವರು ರೇಗಿಸುತ್ತಿದ್ದರು.

"ಬಿಟ್ಬಿಟ್ಟೆ ಸ್ವಾಮಿ. ಯಾರೂ ಬಿಡಿಸಿದ್ದಲ್ಲ, ನಾನೇ ಬಿಟ್ಟೆ."

ಅವನಿಗಿದ್ದ ಮರ್ಯಾದೆ ಎಂದರೆ ಅದೊಂದು ಮಾತು.

ಟಕ್... ಟಕ್... ಕಾಂಡದ ಒಳಗಿಂದ ಬೆರಳ ಗೆಣ್ಣಿನಲ್ಲಿ ಬಡಿದ ಹಾಗೆ.

"ಯಾರು?"

"ನೀನೇ ಕಣೋ." ದನಿಯೂ ಅವನದೇ. "ಇಲ್ಲಿ ಮುಟ್ಟಿ ನೋಡು..."

ಮುಟ್ಟಿದ. ಮೊಳೆಯ ತಲೆ ಕೈಗೆ ತಣ್ಣಗೆ ಸಿಕ್ಕಿತು. ಅದಕ್ಕೊಂದು ಕೂದಲ ಗಂಟು. ಕಟ್ಟಿದ್ದು ಅಮ್ಮನ ಸೀರೆಯ ಅಂಚಿನಿಂದ.

ದೆವ್ವ ಹಿಡಿದವರ ಕೂದಲು ಕಟ್ಟಿ ಮರಕ್ಕೆ ಮೊಳೆ ಹೊಡೆಸಿದರೆ ದೆವ್ವ ಅಲ್ಲೇ ಉಳಿಯುತ್ತದೆ. ಕೈಲಾಸನಿಗೆ ಯಾವ ದೆವ್ವವೂ ಹಿಡಿದಿರಲಿಲ್ಲ.

ಕೀಳಲು ಹೋದ. ಬೆರಳು ಮಡಚಲು ಬರಲಿಲ್ಲ.

ಮನೆಯಲ್ಲಿ ಅವನ ತಾಯಿ ಶೈಲಜಮ್ಮ ಬಾಗಿಲು ತೆಗೆದಳು.

"ಮೊಳೆ ಹೊಡೆಸಿದ್ಯಾ ಅಮ್ಮ?"

"ಮೆತ್ತಗೆ ಮಾತಾಡು."

ಅವನ ದನಿ ತಾನಾಗಿ ಇಳಿಯಿತು. ಪಿಸುಮಾತಿನಲ್ಲೇ ಕೇಳಿದ. "ದೆವ್ವಕ್ಕೆ ಹೊಡೆಯೋದನ್ನ ನಂಗ್ ಹೊಡೆಸಿದ್ಯಾ?"

"ಮಂತ್ರಗಾರ ಲಕ್ಷ್ಮಯ್ಯ ಬೇಡ ಅಂದ. ನಾನೇ ಕಾಲಿಗೆ ಬಿದ್ದೆ. ಇನ್ನೊಂದ್ಸಲ ಸಿಕ್ಕಿದ್ರೆ ಪೊಲೀಸ್ನೋರು ಉಳಿಸ್ತಿರ್ಲಿಲ್ಲ ನಿನ್ನ."

"ನಾನೇ ಬಿಟ್ಟೆ ಅಂತ ಊರಿಗೆಲ್ಲ ಹೇಳ್ಕೊಂಡ್ ತಿರುಗಿದೆ. ನೀನು ಪಕ್ಕದಲ್ಲೇ ನಿಂತು ತಲೆ ಆಡಿಸ್ತಿದ್ದೆ."

ಶೈಲಜಮ್ಮ ಬಾಗಿಲ ಅಗಳಿ ಹಾಕಿದಳು.

"ಕೀಳಿಸಿ ನೋಡು. ಆಗ್ಲೂ ಕದಿಯಲ್ಲ."

"ಕದ್ರೆ?"

"ಜೈಲಿಗೆ ಹೋಗ್ತೀನಿ. ನಾನಾಗಿ ಹೋಗ್ತೀನಲ್ಲ..."

ಚಾಪೆ ಹಾಸಿದಳು. "ಮಲಕೋ."

ಮಲಗಿದ.

"ಅಳಬೇಡ."

ಅದೂ ನಿಂತಿತು.

ಅವಳು ಬಾಗಿಲಿಗೆ ಒರಗಿ ಬೆಳಗಿನ ತನಕ ಕೂತಿದ್ದಳು. ಮಗ ಮಗ್ಗುಲು ಕೂಡ ಬದಲಿಸಲಿಲ್ಲ. ಹೊರಗೆ ಮಾತ್ರ ಸದ್ದು. ತಂತಿ ಕೆರೆದ ಸದ್ದು, ಕಿರ್ರ್... ಆಮೇಲೆ ಬೀಗದ ಕೊಂಡಿ ಎದ್ದ ಸದ್ದು, ಕಟ್. ಸ್ವಲ್ಪ ಹೊತ್ತು ಬಿಟ್ಟು ಪಕ್ಕದ ಮನೆಯಲ್ಲಿ. ಆಮೇಲೆ ಅದರಾಚೆ...

ಬೆಳಿಗ್ಗೆ ನೋಡಿದರೆ ಬೀದಿಯ ಗೇಟುಗಳ ಬೀಗಗಳೆಲ್ಲ ತೆರೆದಿದ್ದವು. ಅಂಗಡಿಗಳದೂ. ಮೂಲೆಯ ಗಿರವಿ ಅಂಗಡಿಯದೂ. ಎಲ್ಲೂ ಒಂದು ಚಮಚ ಹೋಗಿರಲಿಲ್ಲ.

ನಂಬದವರು ನಂಬಬೇಡಿ. ಅದೇ ಬೀದಿಯ ನಮ್ಮ ಗೇಟಿನ ಬೀಗ ತೆರೆದಿದ್ದನ್ನು ನಾನೇ ನೋಡಿದ್ದೇನೆ.

ಶೈಲಜಮ್ಮನೂ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ ನೋಡಿ ಬಂದಳು. ಹುಣಸೇಮರದ ಹತ್ತಿರ ನಿಲ್ಲಲಿಲ್ಲ, ಮೊಳೆಯ ಕಡೆ ನೋಡಲಿಲ್ಲ. ಒಳಗೆ ಬಂದು, "ಹೊತ್ತಾಯ್ತು, ಕೆಲಸಕ್ಕೆ ಹೊರಡು" ಅಂದಳು.

ಕೈಲಾಸ್ ಹೊರಟ.